ಹಳೇ ಲ್ಯಾಪ್‌ಟಾಪ್‌ಗೆ ಎಕ್ಸ್‌ಎಫ್‌ಸಿಇ ಹಾಕಿದ ನನ್ನ ಅನುಭವ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಅಪ್ಪನ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಹಳೆಯದು, ವಿಂಡೋಸ್ 11 ಅದನ್ನು ಒಪ್ಪಲಿಲ್ಲ. ಹಾಗಾಗಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ.

ಅದರ ಜೊತೆಗೆ ಬರುವುದು ಗ್ನೋಮ್ ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲೆ ಕಾಣುವ ಮೆನು, ಕಿಟಕಿಗಳ ವ್ಯವಸ್ಥೆ. ನೋಡಲು ಚೆಂದ. ಆದರೆ ಇದ್ದದ್ದು 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ಫೈರ್‌ಫಾಕ್ಸ್ ಜೊತೆ ಲಿಬ್ರೆ ಆಫೀಸ್ ತೆರೆದರೆ ಸಾಕು, ರ‍್ಯಾಮ್ ತುಂಬಿ ಎಲ್ಲವೂ ಡಿಸ್ಕಿನ ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗಕ್ಕೆ) ಹೋಗುತ್ತಿತ್ತು. ಡಿಸ್ಕಿನ ದೀಪ ಉರಿಯುತ್ತಲೇ ಇರುತ್ತಿತ್ತು, ಮೌಸ್ ಬಾಣ ನಿಂತಲ್ಲೇ ನಿಲ್ಲುತ್ತಿತ್ತು.

ಇದಕ್ಕೆ ಇಡೀ ಸಿಸ್ಟಮ್ ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ. ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಅನ್ನುವುದು ಬೇರೆಯೇ ಒಂದು ಪ್ಯಾಕೇಜ್. ಟರ್ಮಿನಲ್‌ನಲ್ಲಿ ಪ್ಯಾಕೇಜ್ ಇಳಿಸುವ ಆಪ್ಟ್ ಆಜ್ಞೆಯ ಮೂಲಕ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್ ಇಳಿಸಿಕೊಂಡೆ. ಲಾಗೌಟ್ ಆಗಿ, ಹೆಸರಿನ ಮೇಲೆ ಒತ್ತಿದಾಗ ಮೂಲೆಯಲ್ಲಿ ಕಾಣುವ ಹಲ್ಲುಚಕ್ರದ ಗುರುತಿನಲ್ಲಿ ಎಕ್ಸ್‌ಎಫ್‌ಸಿಇ ಸೆಷನ್ ಆರಿಸಿದೆ. ಅಷ್ಟೇ! ಗ್ನೋಮ್ ಕೂಡ ಹಾಗೇ ಉಳಿದಿದೆ, ಬೇಕೆಂದಾಗ ಹಿಂದಿರುಗಬಹುದು.

ಕೆಡಿಇ ಪ್ಲಾಸ್ಮಾ ಎಂಬ ಇನ್ನೊಂದು ಡೆಸ್ಕ್‌ಟಾಪ್ ನೋಡಲು ವಿಂಡೋಸ್‌ಗೆ ಹತ್ತಿರ, ರ‍್ಯಾಮ್ ಜಾಸ್ತಿ ಇದ್ದರೆ ಅದನ್ನೇ ಹಾಕುತ್ತಿದ್ದೆ. ಇಲ್ಲಿ ಎಕ್ಸ್‌ಎಫ್‌ಸಿಇ ಸಾಕು. ಪ್ಯಾನೆಲ್ಲನ್ನು ಕೆಳಗೆ ಎಳೆದು, ಸ್ಟಾರ್ಟ್ ಮೆನುವಿನಂಥ ವಿಸ್ಕರ್ ಮೆನು ಸೇರಿಸಿದ ಮೇಲೆ ಅಪ್ಪನ ಕೈಗೆ ಅದು ಹೊಸದು ಅನಿಸಲೇ ಇಲ್ಲ.

ಒಂದೇ ತೊಡಕು ಅಂದರೆ ಕನ್ನಡ ಟೈಪಿಂಗ್. ಹೊಸ ಸೆಷನ್‌ನಲ್ಲಿ, ಬೇರೆ ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್ ತಾನಾಗಿ ಶುರುವಾಗಲಿಲ್ಲ. ಟೈಪಿಂಗ್ ವಿಧಾನ ಆರಿಸುವ ಐಎಂ ಕಾನ್ಫಿಗ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಬಂದೆ. ಹಲವು ಭಾಷೆಗಳ ಕೀಲಿಮಣೆ ಇರುವ ಐಬಸ್‌ನ ಎಂ17ಎನ್ ಪ್ಯಾಕೇಜಿನಿಂದ ಕೆಜಿಪಿ ಕೀಲಿಮಣೆ ಸೇರಿಸಿದೆ, ನುಡಿ ತಂತ್ರಾಂಶದಲ್ಲಿ ಪಳಗಿದ ಕೈಗೆ ಅದೇ ಸರಿ. ಬ್ರೌಸರ್ ತಿನ್ನುವ ರ‍್ಯಾಮ್ ಮಾತ್ರ ಯಾವ ಡೆಸ್ಕ್‌ಟಾಪಿನಲ್ಲೂ ಕಡಿಮೆಯಾಗದು, ಸುಮ್ನೆ ತೆರೆದಿಟ್ಟ ಟ್ಯಾಬ್ ಮುಚ್ಚಲೇಬೇಕು.