ಐದು ಅಕ್ಷರ, ಹನ್ನೆರಡು ಪದ: ಇಂಗ್ಲಿಷ್ ಪದಗಳನ್ನು ಗುಂಪು ಹಿಡಿದು ಕಲಿಯುವುದು ಹೇಗೆ?

ಇಂಗ್ಲಿಷ್ ಪದ ಕಲಿಯಲು ಕೂತ ಬಹಳಷ್ಟು ಜನ ಮಾಡುವುದು ಒಂದೇ ಕೆಲಸ. ಉದ್ದನೆಯ ಪಟ್ಟಿ ಇಟ್ಟುಕೊಂಡು 'ಎ' ಅಕ್ಷರದಿಂದ ಉರು ಹೊಡೆಯುವುದು. ನಾನೂ ಹಾಗೇ ಮಾಡಿದ್ದೆ. 'ಸಿ' ದಾಟುವಷ್ಟರಲ್ಲಿ 'ಎ' ಮರೆತೇ ಹೋಗಿರುತ್ತಿತ್ತು. ಅದಕ್ಕಿಂತ ಒಂದೇ ಅಕ್ಷರಗುಂಪು ಇರುವ ಪದಗಳನ್ನು ಒಟ್ಟಿಗೆ ಹಿಡಿಯಿರಿ. ಜಾಸ್ತಿ ದಿನ ನೆನಪಿರುತ್ತವೆ, ಸ್ಪೆಲಿಂಗ್ ಕೂಡ ತಪ್ಪುವುದಿಲ್ಲ.

ಮೊದಲು ಗುಂಪು ಆರಿಸಿಕೊಳ್ಳಿ. ಎರಡಕ್ಷರದ ಗುಂಪು ಬೇಡ, ಅದು ಸಿಕ್ಕಸಿಕ್ಕ ಪದದಲ್ಲೆಲ್ಲ ಇರುತ್ತದೆ, ಅರ್ಥಕ್ಕೆ ಅರ್ಥ ಕೂಡುವುದಿಲ್ಲ. ನಾಲ್ಕೈದು ಅಕ್ಷರ ಇರಲಿ. ನಾವೀಗ ಎಸ್, ಪಿ, ಇ, ಸಿ, ಟಿ ತೆಗೆದುಕೊಳ್ಳೋಣ, ಅಂದರೆ 'ಸ್ಪೆಕ್ಟ್'. ಲ್ಯಾಟಿನ್‌ನಿಂದ ಬಂದ ತುಂಡು ಇದು, ಅರ್ಥ 'ನೋಡು'.

ಆಮೇಲೆ ಡಿಕ್ಷನರಿ ಮುಟ್ಟದೆ, ಗೊತ್ತಿರುವ ಪದಗಳನ್ನಷ್ಟೇ ಒಂದು ಹಾಳೆಯಲ್ಲಿ ಬರೆಯಿರಿ. ಇನ್‌ಸ್ಪೆಕ್ಟ್, ರೆಸ್ಪೆಕ್ಟ್, ಸಸ್ಪೆಕ್ಟ್ ತಕ್ಷಣ ಬರುತ್ತವೆ. ಆಟ ನೋಡಲು ಬಂದವರು ಸ್ಪೆಕ್ಟೇಟರ್. ಕನ್ನಡಕ ಸ್ಪೆಕ್ಟೇಕಲ್ಸ್. ಹೀಗೆ ಐದಾರು ಸಿಕ್ಕರೆ ಸಾಕು, ಹೊಸದನ್ನು ಇವುಗಳ ಪಕ್ಕದಲ್ಲೇ ಕೂರಿಸಬಹುದು.

ಮೂರನೆಯದು ಬಿಡಿಸುವ ಕೆಲಸ, ನನಗೆ ತುಂಬ ಇಷ್ಟವಾದದ್ದು ಇದೇ. ಕನ್ನಡದಲ್ಲಿ 'ನೋಟ' ಅನ್ನುವುದು ಒಂದು ಗೊತ್ತಿದ್ದರೆ ಮುನ್ನೋಟ, ಹಿನ್ನೋಟ, ಒಳನೋಟ ಯಾವುದನ್ನೂ ನಾವು ಉರು ಹೊಡೆಯುವುದಿಲ್ಲ ಅಲ್ವಾ? ಇಲ್ಲೂ ಅಷ್ಟೇ. 'ಪ್ರೋ' ಅಂದರೆ ಮುಂದೆ, ಹಾಗಾಗಿ ಪ್ರಾಸ್ಪೆಕ್ಟ್ ಅಂದರೆ ಮುಂದೆ ಕಾಣುವ ಸಾಧ್ಯತೆ. 'ರೆಟ್ರೋ' ಅಂದರೆ ಹಿಂದಕ್ಕೆ, ರೆಟ್ರೋಸ್ಪೆಕ್ಟ್ ಅಂದರೆ ಹಿನ್ನೋಟ. 'ಇಂಟ್ರೋ' ಒಳಕ್ಕೆ, ಇಂಟ್ರೋಸ್ಪೆಕ್ಷನ್ ತನ್ನೊಳಗೆ ತಾನೇ ನೋಡಿಕೊಳ್ಳುವುದು. 'ಸರ್ಕಮ್' ಅಂದರೆ ಸುತ್ತ, ಸುತ್ತಮುತ್ತ ನೋಡಿ ಹೆಜ್ಜೆ ಇಡುವವರು ಸರ್ಕಮ್‌ಸ್ಪೆಕ್ಟ್, ಅಂದರೆ ಹುಷಾರಿನ ಜನ. ಪರ್‌ಸ್ಪೆಕ್ಟಿವ್, ಆಸ್ಪೆಕ್ಟ್ ಎರಡನ್ನೂ ನೀವೇ ಬಿಡಿಸಿ ನೋಡಿ: 'ಪರ್' ಅಂದರೆ ಮೂಲಕ, 'ಆ' ಅಂದರೆ ಕಡೆಗೆ. ಸ್ಪೆಕ್ಟ್ರಮ್ ಕೂಡ ಇದೇ ಮನೆಯದು. ಪಟ್ಟಕದಲ್ಲಿ ಹಾಯ್ದ ಬೆಳಕು ಬಣ್ಣಬಣ್ಣವಾಗಿ ಹರಡಿ ಕಾಣುವುದಕ್ಕೆ ನ್ಯೂಟನ್ ಈ ಪದ ಬಳಸಿದ್ದ. ಬೆಳಕಿನ ಬಗ್ಗೆ ಅವನ ಪ್ರಸಿದ್ಧ ಲೇಖನ ಅಚ್ಚಾದದ್ದು 1672ರಲ್ಲಿ.

ಹನ್ನೆರಡಾಯಿತು. ಈಗ ಕೂಡುವ ಜಾಗ ನೋಡಿ, ಯಾಕೆಂದರೆ ಸ್ಪೆಲಿಂಗ್ ತಪ್ಪುವುದು ಅಲ್ಲೇ. ಎರಡು ತುಂಡು ಸೇರುವಾಗ ಒಂದು ಅಕ್ಷರ ಬಿದ್ದುಹೋಗುವುದು ನಮಗೆ ಹೊಸದಲ್ಲ. 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆಗುವಂತೆ. ಲೋಪಸಂಧಿ ಅಂತ ಕಲಿತಿದ್ದೇವೆ. ಸಸ್ಪೆಕ್ಟ್‌ನ ಮುಂದಿನ ತುಂಡು 'ಸಬ್', ಅಂದರೆ ಕೆಳಗಿನಿಂದ. ಸೇರಿದಾಗ 'ಬಿ' ಉಳಿದಿಲ್ಲ. ತಲೆ ತಗ್ಗಿಸಿಕೊಂಡು ಕಣ್ಣು ಮಾತ್ರ ಮೇಲೆತ್ತಿ ಒಬ್ಬರನ್ನು ನೋಡುವುದನ್ನು ಕಲ್ಪಿಸಿಕೊಳ್ಳಿ, ಅನುಮಾನದ ಅರ್ಥ ಮರೆಯುವುದಿಲ್ಲ.

ಎಕ್ಸ್‌ಪೆಕ್ಟ್ ಇನ್ನೂ ಚೆನ್ನಾಗಿದೆ. 'ಎಕ್ಸ್' ಅಂದರೆ ಹೊರಗೆ. ಆ ಅಕ್ಷರದಲ್ಲೇ 'ಸ' ಸದ್ದು ಇರುವುದರಿಂದ 'ಸ್ಪೆಕ್ಟ್'ನ ಎಸ್ ಬಿದ್ದುಹೋಯಿತು. ಹಾಗಾಗಿ ಎಕ್ಸ್ ಆದ ಮೇಲೆ ಎಸ್ ಬರೆಯಬಾರದು. ಅರ್ಥವೋ, ಹೊರಗೆ ನೋಡುತ್ತ ಕಾಯುವುದು. ನಾವು ಹೇಳುವ 'ಎದುರು ನೋಡುವುದು' ಬೇರೇನು? ಎರಡು ಭಾಷೆಯವರಿಗೂ ಕಾಯುವುದು ಕಣ್ಣಿನ ಕೆಲಸವಾಗಿಯೇ ಕಂಡಿದೆ. ಇದು ಗೊತ್ತಾದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಕೆಲವು ಪದಗಳಲ್ಲಿ ಇದೇ ತುಂಡು ವೇಷ ಬದಲಿಸಿ ಎಸ್, ಪಿ, ಐ, ಸಿ ಆಗುತ್ತದೆ. ಸಸ್ಪಿಷನ್ ಹಾಗೆ ಬಂದದ್ದು, ಅದಕ್ಕೇ ಅಲ್ಲಿ 'ಷ' ಸದ್ದಿಗೆ ಸಿ ಬರೆಯಬೇಕು, ಟಿ ಅಲ್ಲ. ಎದ್ದು ಕಾಣುವುದು ಕನ್ಸ್ಪಿಕ್ಯುಅಸ್.

ಇಷ್ಟಾದ ಮೇಲೆ ಡಿಕ್ಷನರಿ ತೆರೆದು ಪ್ರತಿ ಪದದ ಮೂಲ ನೋಡಿ. ಈ ಹೆಜ್ಜೆ ಬಿಡಲೇಬೇಡಿ. ಅಕ್ಷರ ಒಂದೇ ಇದ್ದ ಮಾತ್ರಕ್ಕೆ ನೆಂಟಸ್ತನ ಇರಬೇಕೆಂದಿಲ್ಲ. ಪಿ, ಒ, ಆರ್, ಟಿ ಗುಂಪನ್ನೇ ನೋಡಿ. ಎಕ್ಸ್‌ಪೋರ್ಟ್, ಇಂಪೋರ್ಟ್, ಟ್ರಾನ್ಸ್‌ಪೋರ್ಟ್‌ನಲ್ಲೆಲ್ಲ ಅದು 'ಹೊರು' ಎಂಬ ಅರ್ಥ ಕೊಡುತ್ತದೆ. ಪೋರ್ಟ್ರೇಟ್‌ನಲ್ಲಿ ಹಾಗಲ್ಲ, ಅದು ಒಡೆಯುವುದೇ ಬೇರೆ ಕಡೆ, 'ಪೋರ್' ಆದ ಮೇಲೆ. ಆಪರ್ಚುನಿಟಿಯಲ್ಲಿರುವುದು ಬಂದರು. ಹಡಗನ್ನು ಬಂದರಿನ ಕಡೆ ತಳ್ಳುವ ಗಾಳಿಯಿಂದ ಹುಟ್ಟಿದ ಪದವದು. ಸುಮ್ನೆ ಊಹಿಸಿ ಬರೆದುಕೊಂಡರೆ ಇಂಥ ಒಳ್ಳೆಯ ಕಥೆ ಕೈತಪ್ಪುತ್ತದೆ.

ಕೊನೆಗೆ, ಮಾರನೆಯ ದಿನ ಖಾಲಿ ಹಾಳೆಯ ನಡುವೆ 'ಸ್ಪೆಕ್ಟ್' ಎಂದಷ್ಟೇ ಬರೆದು ಸುತ್ತಲೂ ಪದಗಳನ್ನು ತುಂಬಿಸಿ. ನೆನಪಾಗದೆ ಉಳಿದ ಪದಕ್ಕೆ ನಿಮ್ಮದೇ ಒಂದು ವಾಕ್ಯ ಬರೆಯಿರಿ, ಪುಸ್ತಕದ್ದು ಬೇಡ. ನಾಲ್ಕು ದಿನ ಬಿಟ್ಟು ಮತ್ತೆ ಒಮ್ಮೆ. ಗುಂಪು ಪೂರ್ತಿ ಕೈಗೆ ಬರುವವರೆಗೆ ಇನ್ನೊಂದಕ್ಕೆ ಹೋಗಬೇಡಿ.

ಮುಂದಿನದಕ್ಕೆ ಆರ್, ಯು, ಪಿ, ಟಿ ಹಿಡಿಯಿರಿ. ಅರ್ಥ 'ಮುರಿ'. ಇಂಟರಪ್ಟ್ ಎಂದರೆ ಮಾತಿನ ನಡುವೆ ಮುರಿಯುವುದು. ಬ್ಯಾಂಕ್ರಪ್ಸಿ ಬರೆಯುವಾಗ ಬಹಳ ಜನ ಪಿ ಆದ ಮೇಲೆ ಟಿ ಬಿಟ್ಟುಬಿಡುತ್ತಾರೆ, ಕಿವಿಗೆ ಅದು ಕೇಳಿಸುವುದೇ ಇಲ್ಲ. ಈ ಗುಂಪು ಗೊತ್ತಿದ್ದವರು ಬಿಡುವುದಿಲ್ಲ.