ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್‌ಗೆ ರ‍್ಯಾಮ್, ಎಸ್‌ಎಸ್‌ಡಿ ಹಾಕಿದ್ದು

ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಇಂಟೆಲ್ ಐ5-8250ಯು ಪ್ರೊಸೆಸರ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿನ ಯುಎಚ್‌ಡಿ 620 ಒಂದೇ ಗತಿ. ಜೊತೆಗೆ 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಜಿಟಿಎ 5 ಗೇಮಿನ ಹಳೇ (ಲೆಗಸಿ) ಆವೃತ್ತಿ ಆಡಲು 4 ಜಿಬಿ ಸಾಕು ಅಂತ ಕಂಪನಿ ಹೇಳುತ್ತದೆ. ಆದರೆ ವಿಂಡೋಸ್ ತನ್ನ ಪಾಲು ತಿಂದ ಮೇಲೆ ಉಳಿಯುವುದೆಷ್ಟು? ಇಂಥ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸಿಗೂ ಅದೇ ರ‍್ಯಾಮ್‌ನಿಂದಲೇ ಪಾಲು ಹೋಗಬೇಕು.

ಬಿಚ್ಚುವ ಮೊದಲು ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ತೆರೆದು ನೋಡಿದೆ. ಎರಡು ಸ್ಲಾಟ್, ಒಂದು ಖಾಲಿ, ವೇಗ 2400. ಎಷ್ಟೋ ಮಾಡೆಲ್‌ಗಳಲ್ಲಿ 4 ಜಿಬಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅದನ್ನು ತೆಗೆಯಲು ಆಗುವುದಿಲ್ಲ. ನನ್ನದು ಹಾಗಿರಲಿಲ್ಲ.

ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಅಂಗಡಿಯವರು 16 ಜಿಬಿಯ ಒಂದೇ ಸ್ಟಿಕ್ ತೋರಿಸಿದರು. "ಬೇಡ ಸರ್, 8ರದ್ದು ಎರಡು ಕೊಡಿ" ಅಂದೆ. ಡಿಡಿಆರ್4 2400ರ ಒಂದು ಸ್ಟಿಕ್‌ನಿಂದ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ ಡೇಟಾ ಹರಿಯುತ್ತದೆ. ಎರಡಿದ್ದರೆ ಡ್ಯುಯಲ್ ಚಾನೆಲ್, ಅಂದರೆ ಎರಡು ದಾರಿ ಒಟ್ಟಿಗೆ, 38.4 ಜಿಬಿ. ಒಳಗಿನ ಗ್ರಾಫಿಕ್ಸಿಗೆ ಈ ದಾರಿಯ ಅಗಲವೇ ಮುಖ್ಯ.

ಕುತೂಹಲಕ್ಕೆ ಮೊದಲು ಒಂದೇ 8 ಜಿಬಿ ಹಾಕಿ ಆಡಿದೆ. 720ಪಿ ರೆಸಲ್ಯೂಷನ್‌ನಲ್ಲಿ, ಎಲ್ಲ ಸೆಟ್ಟಿಂಗ್ ಕೆಳಗಿಳಿಸಿ, 30 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಆಸುಪಾಸು. ಎರಡನೆಯದೂ ಕೂತ ಮೇಲೆ 40 ದಾಟಿತು! ಬೆಸುಗೆ ಹಾಕಿದ 4 ಜಿಬಿ ಇರುವವರು ಪಕ್ಕದಲ್ಲಿ 8 ಹಾಕಿದರೂ ಲಾಭವಿದೆ. ಸಾಮಾನ್ಯವಾಗಿ ಮೊದಲ 8 ಜಿಬಿ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತದೆ, ಉಳಿದ 4 ಒಂಟಿಯಾಗಿ. 2666ರ ಸ್ಟಿಕ್ ಸಿಕ್ಕರೂ ತಗೊಳ್ಳಿ, ಈ ಪ್ರೊಸೆಸರ್‌ನಲ್ಲಿ 2400ಕ್ಕೇ ಇಳಿದು ಓಡುತ್ತದೆ ಅಷ್ಟೆ.

ಹಾಕುವ ಕೆಲಸ ಸುಲಭ. ಚಾರ್ಜರ್ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿ, ಎಲ್ಲಕ್ಕಿಂತ ಮೊದಲು ಬ್ಯಾಟರಿ ಕನೆಕ್ಟರ್ ಕಳಚಬೇಕು. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಹಾಳೆಯ ಮೇಲೆ ಅದೇ ಜಾಗದಲ್ಲಿ ಚುಚ್ಚಿಟ್ಟುಕೊಂಡೆ. ರ‍್ಯಾಮನ್ನು ಓರೆಯಾಗಿ ತೂರಿಸಿ ಕೆಳಗೆ ಒತ್ತಿದರೆ ಎರಡೂ ಕಡೆ ಕ್ಲಿಪ್ ಟಕ್ ಅನ್ನುತ್ತದೆ. ಮುಚ್ಚಳ ತೆಗೆದಾಗಲೇ ಫ್ಯಾನ್ ಧೂಳನ್ನೂ ಬ್ರಶ್‌ನಿಂದ ತೆಗೆದುಬಿಡಿ. ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಹಾರ್ಡ್ ಡಿಸ್ಕ್ ಜಾಗಕ್ಕೆ 500 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಕನೆಕ್ಟರಿಗೇ ಕೂರುವ, ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಹಾಕಿದೆ. ಬೋರ್ಡಿನಲ್ಲಿ ಎಂ.2 ಸ್ಲಾಟ್ (ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೆ ಮೊದಲು ಮ್ಯಾನ್ಯುಯಲ್ ನೋಡಿ, ಕೆಲವು ಸಾಟಾ ಮಾತ್ರ ಒಪ್ಪುತ್ತವೆ, ಇನ್ನೂ ವೇಗದ ಎನ್‌ವಿಎಂಇ ಬಗೆಯದನ್ನು ಒಪ್ಪುವುದಿಲ್ಲ. ಹಳೇ ಡಿಸ್ಕನ್ನು ಹಾಗೇ ನಕಲು (ಕ್ಲೋನ್) ಮಾಡುವ ಬದಲು ವಿಂಡೋಸ್ ಹೊಸದಾಗಿಯೇ ಹಾಕಿದೆ. ವರ್ಷಗಟ್ಟಲೆ ಸೇರಿದ ಕಸವನ್ನೂ ಸುಮ್ನೆ ಯಾಕೆ ಹೊತ್ತು ತರಬೇಕು, ಅಲ್ವಾ? ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ ಮಾತ್ರ ಬಿಟ್‌ಲಾಕರ್ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಹಳೇ ಡಿಸ್ಕಿನ ಫೈಲ್ ತೆರೆಯುವುದಿಲ್ಲ.

ಎಸ್‌ಎಸ್‌ಡಿ ಹಾಕಿದರೆ ಎಫ್‌ಪಿಎಸ್ ಜಾಸ್ತಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನದು ಅಷ್ಟೇ ಉಳಿಯಿತು. ಲೋಡಿಂಗ್ ಮಾತ್ರ ಬೇಗ ಮುಗಿಯುತ್ತದೆ, ಕಾರು ಜೋರಾಗಿ ಓಡಿಸಿದಾಗ ರಸ್ತೆ ತಡವಾಗಿ ಮೂಡುವುದು ನಿಂತಿದೆ. ಹಳೇ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಸಣ್ಣಪುಟ್ಟ ಗೇಮ್‌ಗಳನ್ನು ಅದರಲ್ಲೇ ಇಟ್ಟಿದ್ದೇನೆ. ಜಿಟಿಎ ಅಂಥವು ಮಾತ್ರ ಎಸ್‌ಎಸ್‌ಡಿಯಲ್ಲಿ.