ಟರ್ಬೊ ಕಾವಿಗೆ ಸೊಟ್ಟಗಾದ ಪ್ಲಾಸ್ಟಿಕ್

ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ಕಣ್ಣಿಗೆ ಬಿತ್ತು: ಕಾರಿನ ವೈಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಪಟ್ಟಿ ಹಪ್ಪಳದ ಹಾಗೆ ಉಬ್ಬಿತ್ತು, ಎಡಗಡೆ ಮಾತ್ರ. 'ಬಿಸಿಲಿಗೆ ಸಾರ್' ಅಂದ ಮೆಕ್ಯಾನಿಕ್. ಬಿಸಿಲು ಒಂದೇ ಕಡೆ ಬೀಳುತ್ತಾ?

ಬಾನೆಟ್ ಎತ್ತಿದರೆ ಸರಿಯಾಗಿ ಉಬ್ಬಿದ ಜಾಗದ ಕೆಳಗೇ ಟರ್ಬೊ, ಅಂದರೆ ಎಂಜಿನ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪು. ಅದರ ಕಾವು ತಡೆಯುವ ತಗಡಿನ (ಹೀಟ್ ಶೀಲ್ಡ್) ಮೂರು ಬೋಲ್ಟ್‌ಗಳಲ್ಲಿ ಒಂದು ನಾಪತ್ತೆ. ಬೆರಳಲ್ಲಿ ತಟ್ಟಿದರೆ ತಗಡು ಗಲಗಲ. ಏರಿನಲ್ಲಿ ಟರ್ಬೊಗೆ ನುಗ್ಗುವ ಹೊಗೆಯ ಬಿಸಿ 800 ಡಿಗ್ರಿ ದಾಟಬಹುದು. ಇಂಥ ಪಟ್ಟಿಗೆ ಬಳಸುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕರಗೋದು 160ರ ಆಸುಪಾಸಿನಲ್ಲಿ, ಮೆತ್ತಗಾಗೋದು ಇನ್ನೂ ಮೊದಲೇ.

ಬೋಲ್ಟ್ ಹಾಕಿಸಿ, ಪಟ್ಟಿ ಬದಲಿಸಿ, ಅದರ ಅಡಿಗೆ ಅಲ್ಯೂಮಿನಿಯಂ ಹೀಟ್ ಟೇಪ್ ಅಂಟಿಸಿದೆ. ಘಾಟಿ ಹತ್ತಿದ ಮೇಲೆ ಈಗ ಟರ್ಬೊ ತಣಿಯಲಿ ಅಂತ ಎಂಜಿನ್ನನ್ನು ಎರಡು ನಿಮಿಷ ಐಡಲ್‌ನಲ್ಲಿ (ನಿಂತಲ್ಲೇ ಓಡಲು) ಬಿಟ್ಟೇ ಆಫ್ ಮಾಡ್ತೀನಿ. ನಾಲ್ಕು ಸಲ ಮಂಗಳೂರಿಗೆ ಹೋಗಿಬಂದೆ, ಪಟ್ಟಿ ನೆಟ್ಟಗಿದೆ.